ಹಳೆ ನೀರಿನ ಮಾಳಿ

"ಏ, ನೀ ಮಾಳಿಯೋ ಭಿಕಾರಿಯೋ? ಮನಿ ಮನಿ ಮುಂದ ನಿಂತು ಮಂದಿ ಚೆಲ್ಲೋ ನೀರ ಬೇಡತಿ. ಬಾಗಿನ ಮರ್ಯಾದಿ ಹರಾಜಿಗಿ ಹಚ್ಚೀದಿ ನೋಡ."

ಬೆಳಗಿನ ಆರೂ ಕಾಲು, ಏಪ್ರಿಲ್ ತಿಂಗಳು. ಸೋಲಾಪುರದ ಹಳೆ ಉದ್ಯಾನ, ಊರವರ ಬಾಯಲ್ಲಿ ಬಾಗು. ಅದರ ಬ್ಯಾಂಡ್ ಕಟ್ಟೆಯ ಸುತ್ತ ಕೈ ಮೇಲೆತ್ತಿ ನಗುವ ವ್ಯಾಯಾಮ ಮಾಡುತ್ತಿದ್ದ ಹದಿನೈದು ಜನ ಈ ಮಾತು ಕೇಳಿ ವ್ಯಾಯಾಮ ಬಿಟ್ಟು ನಿಜವಾಗಿಯೇ ನಗುತ್ತಾರೆ. ಅಂದವರು ದಾಮೋದರರಾಯರು, ನಿವೃತ್ತ ಹೆಡ್ ಕ್ಲಾರ್ಕು, ಬಿಳಿ ಬೂಟು, ಕೈಯಲ್ಲಿ ಬೆತ್ತ. ಅನ್ನಿಸಿಕೊಂಡವರು ಅಮೋಗಸಿದ್ಧ, ಐವತ್ತೆರಡು ವರ್ಷದ ಮಾಳಿ, ಆ ಬಾಗಿನ ತೋಟಗಾರ. ಕೈಗಾಡಿಯ ಮೇಲಿನ ಕ್ಯಾನಿನಿಂದ ಕೊಡಕ್ಕೆ ನೀರು ಬಗ್ಗಿಸುತ್ತಿದ್ದವರು ಒಂದು ಹನಿಯೂ ಹೊರಗೆ ಬೀಳದಂತೆ ಬಗ್ಗಿಸುತ್ತಲೇ ತಲೆ ಎತ್ತುತ್ತಾರೆ.

"ಭಿಕಾರಿ ಅಂತನ ಅನ್ರಿ ರಾಯರ, ಬ್ಯಾಡ ಅನ್ನಂಗಿಲ್ಲ. ಇವತ್ತ ನಿಮ್ಮ ಗಲ್ಲೀದ ಪಾಳಿ ಐತಿ. ಏಳಕ್ಕ ಗಾಡಿ ತರ್ತೀನಿ, ಮನ್ಯಾಗ ಹೇಳಿ ಇಡ್ರಿ."

ನಗು ಈಗ ರಾಯರ ಕಡೆ ಹೊರಳುತ್ತದೆ. ಅಮೋಗಸಿದ್ಧ ಕೊಡ ಹೊತ್ತು ಮುಂದಿನ ಗಿಡಕ್ಕೆ ಹೋಗುತ್ತಾರೆ.

ಅವರು ಬೇಡುವ ನೀರು ಎಂಥದ್ದು ಎಂದು ಮೊದಲು ಹೇಳಬೇಕು. ಈ ಊರಲ್ಲಿ ನಳ ದಿನಾ ಬರುವುದಿಲ್ಲ. ನಾಲ್ಕು ದಿನಕ್ಕೊಮ್ಮೆ, ಗಲ್ಲಿಗೊಂದು ಪಾಳಿ. ಬಂದ ದಿನ ಹಂಡೆ, ಪಿಂಪ, ಬಕೆಟ್ಟು, ಕೊನೆಗೆ ಸಾರಿನ ಪಾತೇಲಿ ಕೂಡ ತುಂಬುತ್ತದೆ. ಆದರೆ ತುಂಬುವ ಮೊದಲು ಇನ್ನೊಂದು ಕೆಲಸವಿದೆ. ನಾಲ್ಕು ದಿನ ಜೋಪಾನ ಮಾಡಿ ಉಳಿಸಿದ್ದ ನೀರನ್ನು ಗಟಾರಕ್ಕೆ ಚೆಲ್ಲುವುದು. ಅದು 'ಶಿಳೆ' ನೀರಂತೆ, ಹಳಸಿದ್ದಂತೆ. ಹೊಸ ನೀರು ಬಂದ ಮೇಲೆ ಹಳೆಯದನ್ನು ದೇವರಿಗೆ ಇಡುವಂತಿಲ್ಲ, ಬೇಳೆಗೆ ಹಾಕುವಂತಿಲ್ಲ. ನೀರಿಲ್ಲ ನೀರಿಲ್ಲ ಎಂದು ಮೂರು ದಿನ ಬಾಯಿ ಬಡಿದುಕೊಂಡ ಮನೆಯೇ ನಾಲ್ಕನೆಯ ದಿನ ಎರಡು ಕೊಡ ಸ್ವಚ್ಛ ನೀರನ್ನು ಬೀದಿಗೆ ಸುರಿಯುತ್ತದೆ. ಓದಿದವರ ಮನೆಯಲ್ಲೂ ಇದೇ, ಓದದವರ ಮನೆಯಲ್ಲೂ ಇದೇ. ಇದನ್ನು ನೋಡಿ ಹೊಟ್ಟೆ ಉರಿದುಕೊಂಡವರು ಯಾರಾದರೂ ಇದ್ದರೆ, ಈ ಮಾಳಿಯೊಬ್ಬರೇ.

"ಎರಡ ವರ್ಷದ ಹಿಂದ, ಮೇ ತಿಂಗಳಾಗ, ಚಾ ಕುಡ್ಯಾಕ ಗಲ್ಲಿಗಿ ಹೋಗಿದ್ನಿ. ಗಟಾರ ತುಂಬಿ ಹರ್ಯಾಕತ್ತಿತ್ತು. ಅತ್ತ ಬಾಗಿನಾಗ ನಾ ಹಚ್ಚಿದ ರೋಪ, ಸಣ್ಣ ಸಸಿಗೋಳ, ಒಣಗಿ ಬಾಯಿ ತಗದ ನಿಂತಿದ್ವು. ಚಾ ಅರ್ಧಕ್ಕ ಬಿಟ್ಟ ಎದ್ನಿರಿ," ಎಂದು ಅಮೋಗಸಿದ್ಧ ಹೇಳುತ್ತಾರೆ. ಮೆಲ್ಲಗೆ ಮಾತಾಡಲು ಅವರಿಗೆ ಬರುವುದಿಲ್ಲ. ಪವರ್‌ಲೂಮಿನ ಸದ್ದಿನಲ್ಲಿ ಹದಿನೆಂಟು ವರ್ಷ ಕೂಗಿ ಮಾತಾಡಿದ ಗಂಟಲು ಅದು.

ಅವತ್ತು ಅವರು ಎದುರಿಗೆ ಕಂಡ ಮೊದಲ ಬಾಗಿಲಿಗೇ ಹೋಗಿ ನಿಂತರು. ಬಕೆಟ್ಟು ಎತ್ತಿದ್ದ ಹೆಣ್ಣುಮಗಳಿಗೆ, "ಚೆಲ್ಲಬ್ಯಾಡ್ರಿ ಅಕ್ಕಾರ, ಗಿಡಕ್ಕ ಕೊಡ್ರಿ," ಎಂದರು.

"ಶಿಳೆ ನೀರ ಐತಿ ದಾದಾ."

"ಗಿಡಕ್ಕ ಶಿಳೆ ಯಾವ್ದು, ತಾಜಾ ಯಾವ್ದು ಗೊತ್ತಾಗಂಗಿಲ್ರಿ. ಬುಡ ಹಸಿ ಐತೋ ಇಲ್ಲೋ ಅಷ್ಟ ನೋಡತೈತಿ."

ಆಕೆ ಎರಡು ಬಕೆಟ್ಟು ಕೊಟ್ಟರು. ಮರುದಿನ ಅಮೋಗಸಿದ್ಧ ಬಾಗಿನ ನೆಲದಿಂದ ಆರಿಸಿದ ಒಂದು ಬೊಗಸೆ ಬಕುಳದ ಹೂವನ್ನು ಮುತ್ತುಗದ ಎಲೆಯಲ್ಲಿ ಕಟ್ಟಿ ಒಯ್ದು ಆ ಬಾಗಿಲಲ್ಲಿ ಇಟ್ಟರು. ಅಲ್ಲಿಂದ ಅದೇ ರಿವಾಜಾಯಿತು. ಬಕೆಟ್ಟು ನೀರಿಗೆ ಬೊಗಸೆ ಹೂವು. ಕಿತ್ತ ಹೂವಲ್ಲ, ತಾನಾಗಿ ಉದುರಿದ್ದು.

ಆ ಮೊದಲ ಬಕೆಟ್ಟಿನ ಗೋಪಿಕಾಬಾಯಿ ಬೇರೆ ಯಾರೂ ಅಲ್ಲ, ದಾಮೋದರರಾಯರ ಹೆಂಡತಿ. ರಾಯರು ವಾಕಿಂಗಿಗೆ ಹೋದ ಹೊತ್ತಿನಲ್ಲಿ ನೀರು ಗಾಡಿ ಸೇರುತ್ತದೆ. ಇದನ್ನು ನಮ್ಮ ಕನ್ನಡ ಪತ್ರಿಕೆಯಲ್ಲಿ ಹಾಕಬಹುದೇ ಎಂದು ಕೇಳಿದರೆ ಅವರು ಸೆರಗು ಬಾಯಿಗೆ ಒತ್ತಿ ನಗುತ್ತಾರೆ. "ಬರೀರಿ, ನಡೀತೈತಿ. ನಮ್ಮ ಮನಿಗಿ ಬರೋದ ಮರಾಠಿ ಪೇಪರ. ಇವರಿಗಿ ಕನ್ನಡ ಬೈಯಾಕ ಅಷ್ಟ ಬರತೈತಿ, ಓದಾಕ ಬರಂಗಿಲ್ಲ."

ಅಮೋಗಸಿದ್ಧ ಅಕ್ಕಲಕೋಟ ತಾಲೂಕಿನ ತಡವಳದವರು. ಆರನೇ ಇಯತ್ತೆಗೆ ಸಾಲಿ ಬಿಟ್ಟರು. ಅಕ್ಕಲಕೋಟ ರಸ್ತೆಯ ಕೈಗಾರಿಕಾ ವಸಾಹತು ಎಂಐಡಿಸಿಯ ಒಂದು ಶೆಡ್ಡಿನಲ್ಲಿ ಟವೆಲ್ಲು ನೇಯ್ದರು. ಶೆಡ್ಡು ಮುಚ್ಚಿತು. ಹನ್ನೊಂದು ವರ್ಷದ ಹಿಂದೆ ಗುತ್ತಿಗೆಯ ಮೇಲೆ ಈ ಬಾಗಿಗೆ ಬಂದರು. ಇಂದಿಗೂ ಗುತ್ತಿಗೆಯೇ. ಇಂಗ್ಲಿಷರ ಕಾಲದಲ್ಲಿ ಭಾನುವಾರ ಸಂಜೆ ಇಲ್ಲಿ ಬ್ಯಾಂಡು ಬಾರಿಸುತ್ತಿದ್ದರಂತೆ, ಗಿರಣಿ ಬಿಟ್ಟ ಜನ ಹುಲ್ಲಿನ ಮೇಲೆ ಕುಳಿತು ಕೇಳುತ್ತಿದ್ದರಂತೆ. ಗೇಟಿನಿಂದ ಆ ಕಟ್ಟೆಯವರೆಗೆ ದಾರಿಯ ಎರಡೂ ಬದಿ ಬಕುಳ ನೆಟ್ಟಿದ್ದರು, ಒಟ್ಟು ಎಪ್ಪತ್ತು. ಗಾಳಿಗೆ, ಮುಪ್ಪಿಗೆ, ಮಂದಿಯ ಕೊಡಲಿಗೆ ಹೋಗಿ ಹೋಗಿ ಉಳಿದದ್ದು ಮೂವತ್ತೆಂಟು.

"ಮಗ್ಗದಾಗ ಒಂದ ಎಳಿ ಹರಿದ್ರ ಕಣ್ಣ ತಾನ ಅಲ್ಲಿಗಿ ಹೋಗತೈತ್ರಿ. ಮಗ್ಗ ನಿಲ್ಲಸಿ ಗಂಟ ಹಾಕಬೇಕು. ಇಲ್ಲಿ ಬಂದ ದಿನಾನ ಕಂಡಿತ್ತು, ಮೂವತ್ತೆರಡ ಎಳಿ ಹರದಾವ ಅಂತ."

ಗಂಟು ಹಾಕಲು ಅವರಿಗೆ ವರ್ಷಗಳೇ ಹಿಡಿದವು. ಬಕುಳದ ಹಣ್ಣು ಆರಿಸಿ, ಬೀಜ ತೆಗೆದು, ಹಾಲಿನ ಖಾಲಿ ಪ್ಲಾಸ್ಟಿಕ್ ಚೀಲಗಳಲ್ಲಿ ಮಣ್ಣು ತುಂಬಿ ಮನೆಯ ಮಾಳಿಗೆಯ ಮೇಲೆ ಬೆಳೆಸಿದರು. ಮೊಳಕೆ ಬಂದದ್ದಕ್ಕಿಂತ ಕೊಳೆತದ್ದೇ ಹೆಚ್ಚು. ಮೂರು ಮಳೆಗಾಲದ ಹಿಂದೆ ಮೂವತ್ತೆರಡು ಸಸಿ ಕೈಗೆ ಹತ್ತಿದವು. ಖಾಲಿ ಇದ್ದ ಕಡೆಗೆಲ್ಲ ನೆಟ್ಟರು. ಯಾರೂ ಹೇಳಿರಲಿಲ್ಲ, ಯಾರೂ ಕೇಳಲೂ ಇಲ್ಲ. ಅವು ಮಂಡಿಯೆತ್ತರ ಆದ ಮೇಲೆ ಎಲ್ಲರಿಗೂ ಆ ಜಾಗ ಕಣ್ಣಿಗೆ ಬಿತ್ತು. ಸಸಿ ಕಿತ್ತು ದಾರಿಗೆ ಪೇವರ್ ಬ್ಲಾಕು ಹಾಸಿ, ಹೃದಯದ ಆಕಾರದ ಚೌಕಟ್ಟು ನಿಲ್ಲಿಸಿ ಸೆಲ್ಫಿ ಪಾಯಿಂಟು ಮಾಡುವ ಯೋಜನೆ ನಗರಪಾಲಿಕೆಯಲ್ಲಿ ತಯಾರಾಯಿತು. ಇಷ್ಟು ಹಳೆಯ ಬಾಗಿನಲ್ಲಿ ಜನ ಏನು ನೋಡಲು ಬರುತ್ತಾರೆ ಎಂದು ಯೋಜನೆ ಬರೆದವರು ಒಂದು ದಿನವಾದರೂ ಬೆಂಚಿನ ಮೇಲೆ ಕೂತು ನೋಡಿದ್ದರೆ ಚೆನ್ನಾಗಿತ್ತು.

ಕಳೆದ ಸಂಕ್ರಾಂತಿಯ ಮರುದಿನ ಬಾಗಿನ ಕೆಲಸ ನೋಡಿಕೊಳ್ಳುವ ಎಳೆಯ ಇಂಜಿನಿಯರು ತೇಜಸ ಬಂದು ಕಟ್ಟೆಯ ಮೇಲೆ ಕೂತು ಇದ್ದದ್ದನ್ನು ಇದ್ದಂತೆ ಹೇಳಿದರು. "ಮಾಮಾ, ನನಗೂ ಗಿಡಾನ ಬೇಕು. ಆದ್ರ ಮ್ಯಾಲಿನವರಿಗಿ ಆಕಡಾ ಬೇಕು, ಲೆಕ್ಕ ಬೇಕು. ಜೂನದಾಗ ಮಿರಗದ ಮಳಿ ಬಿದ್ದ ಮ್ಯಾಲ ಬಂದ ಎಣಸ್ತೀನಿ. ಐದಕ್ಕಿಂತ ಹೆಚ್ಚ ಸತ್ತಿದ್ವು ಅಂದ್ರ ಪೇವರ ಪಾಸ್. ಇಲ್ಲಂದ್ರ ಆ ಫೈಲ್ ನಾ ಮುಚ್ಚತೀನಿ."

ಟ್ಯಾಂಕರು ವಾರಕ್ಕೆರಡು ಸಲ ಬರುತ್ತದೆ, ಹುಲ್ಲಿಗೆ ಮತ್ತು ಕಾರಂಜಿಗೆ ಮುಗಿಯುತ್ತದೆ. ಉಳಿದದ್ದು ಗಲ್ಲಿಗಳ ಹಳೆ ನೀರು. ಒಂದು ಸಸಿಗೆ ದಿನ ಬಿಟ್ಟು ದಿನ ಒಂದು ಕೊಡ, ಮೂವತ್ತೆರಡು ಸಸಿಗೆ ಸುಮಾರು ಐನೂರು ಲೀಟರು. ಕೈಗಾಡಿಯಲ್ಲಿ ಎಂಟು ಕ್ಯಾನು, ಎರಡು ಖೇಪಿನ ಓಡಾಟ. ಯಾವ ಗಲ್ಲಿಗೆ ಯಾವ ದಿನ, ಎಷ್ಟು ಗಂಟೆಗೆ ನಳ ಬಿಡುತ್ತಾರೆ ಎಂಬುದು ಅಮೋಗಸಿದ್ಧರ ತಲೆಯಲ್ಲಿದೆ. ಗಲ್ಲಿಯವರೇ ಮರೆತು ಅವರನ್ನು ಕೇಳುತ್ತಾರೆ.

ಬೇಸಿಗೆ ಬಿಟ್ಟರೆ ಅವರಷ್ಟು ಸುಖದ ಮನುಷ್ಯ ಬಾಗಿನಲ್ಲಿ ಇನ್ನೊಬ್ಬರಿಲ್ಲ. ಆಷಾಢದಲ್ಲಿ ಪಂಢರಪುರಕ್ಕೆ ನಡೆಯುವ ದಿಂಡಿಯವರು ಬಕುಳದ ಕೆಳಗೆ ಗಂಟು ಇಳಿಸುತ್ತಾರೆ. ಅವರ ಪಾದಕ್ಕೆ ಹತ್ತಿದ ಹೂವು ಯಾವ ಊರಿಗೆ ಹೋಗಿ ಉದುರುತ್ತದೋ ಎಂದು ಅಮೋಗಸಿದ್ಧ ಲೆಕ್ಕ ಹಾಕುತ್ತಾರೆ. ಗುರುವಾರ ಅಕ್ಕಲಕೋಟಕ್ಕೆ ಹೊರಟವರು ಬಸ್ಸಿಗೆ ಹೊತ್ತಿದೆ ಎಂದು ಬಂದು ಒರಗಿ, ಬಸ್ಸನ್ನೇ ತಪ್ಪಿಸಿಕೊಳ್ಳುತ್ತಾರೆ. ಮಾಗಿಯ ಮುಂಜಾವು ದಾರಿಯ ಆ ತುದಿ ಕಾಣುವುದಿಲ್ಲ. ಮಂಜಿನೊಳಗಿಂದ ಮೊದಲು ಬೆತ್ತದ ಸದ್ದು, ಆಮೇಲೆ ರಾಯರು. ಫಾಲ್ಗುಣ ಕಳೆಯುತ್ತಿದ್ದಂತೆ ಹಳೆಯ ಮರಗಳು ಹೂವು ಸುರಿಸಲು ಶುರು ಮಾಡುತ್ತವೆ. ಆ ದಿನಗಳಲ್ಲಿ ಅವರು ದಾರಿಯನ್ನು ಎಂಟರವರೆಗೆ ಗುಡಿಸುವುದಿಲ್ಲ. ಕಸ ಹಾಗೇ ಬಿದ್ದಿದೆ ಎಂದು ದೂರು ಹೋಗಿದೆ. "ಹೂವಿಗಿ ಕಸ ಅನ್ನೋ ಮಂದಿಗಿ ನಾ ಏನ ಹೇಳ್ಲಿ. ಬೈಸಿಕೊಂತೀನಿ," ಎಂದು ನಗುತ್ತಾರೆ.

ಈ ಮೇ ಎರಡನೆಯ ವಾರ ನಗು ನಿಂತಿತು. ಎಲ್ಲೋ ದೊಡ್ಡ ಪೈಪು ಒಡೆದು ನಾಲ್ಕು ದಿನದ ಪಾಳಿ ಒಂಬತ್ತಕ್ಕೆ ಹೋಯಿತು. ಬಿಸಿಲು ನಲವತ್ನಾಲ್ಕು. ಖಾಲಿ ಗಾಡಿ ತಳ್ಳಿಕೊಂಡು ಗಲ್ಲಿಗೆ ಹೋದರೆ ಬಾಗಿಲಲ್ಲೇ ಉತ್ತರ: "ಶಿಳೆ ನೀರ ಎಲ್ಲಿ ಉಳಿದೈತಿ ದಾದಾ, ಅದನ್ನ ಕುಡ್ಯಾಕತ್ತೀವಿ." ಚೆಲ್ಲಲು ನೀರಿದ್ದಾಗ ಅಲ್ಲವೇ ಅದು ಹಳಸುವುದು. ಗೋಪಿಕಾಬಾಯಿ ಅಕ್ಕಿ ತೊಳೆದ ನೀರು ಎತ್ತಿಟ್ಟರು. ಅವರನ್ನು ನೋಡಿ ಇನ್ನೂ ಹತ್ತು ಮನೆಯವರು ಎತ್ತಿಟ್ಟರು. ಅಮೋಗಸಿದ್ಧರ ಹೆಂಡತಿ ಜನಾಬಾಯಿ ಮನೆಯ ಸ್ನಾನದ ನೀರನ್ನೂ ಕ್ಯಾನಿಗೆ ಹಾಕಿ ಕೊಟ್ಟು, "ಇನ್ನ ನನ್ನ ಕಣ್ಣಾಗಿನ ನೀರ ಒಂದ ಉಳದೈತಿ. ಅದಕ್ಕೊಂದ ಬ್ಯಾರೆ ಕ್ಯಾನ ತಗೊಂಡ ಬರ್ರಿ," ಎಂದರು. ಎಲ್ಲ ಸೇರಿದರೂ ದಿನಕ್ಕೆ ಎರಡೇ ಕ್ಯಾನು.

ಎರಡು ಕ್ಯಾನಿನಲ್ಲಿ ಮೂವತ್ತೆರಡು ಬದುಕುವುದಿಲ್ಲ. ಬ್ಯಾಂಡ್ ಕಟ್ಟೆಯ ಕಲ್ಲಿಗೆ ಅಂಟಿಕೊಂಡು ಪಡುವಣಕ್ಕೆ ನಾಲ್ಕು ಸಸಿಗಳಿದ್ದವು. ಕಾದ ಕಲ್ಲು ಸಂಜೆಯವರೆಗೂ ಅವನ್ನು ಬೇಯಿಸುತ್ತಿತ್ತು. ಆ ನಾಲ್ಕು ಕುಡಿಯುವ ನೀರು ಬೇರೆ ಕಡೆಯ ಹನ್ನೆರಡಕ್ಕೆ ಸಾಕು. ಇಂಜಿನಿಯರರ ಐದರ ಮಾತು ಅಮೋಗಸಿದ್ಧರಿಗೆ ನೆನಪಿತ್ತು. ಕೊಡ ಹಿಡಿದು ಆ ನಾಲ್ಕರ ಮುಂದೆ ನಿಂತರು. ಆಮೇಲೆ ತಿರುಗಿ ಗೇಟಿನ ಕಡೆಯ ಸಾಲಿಗೆ ಹೋದರು.

ಅವತ್ತಿನಿಂದ ಮಳೆ ಬೀಳುವವರೆಗೆ ಅವರು ಕಟ್ಟೆಯ ಪಡುವಣಕ್ಕೆ ಕಾಲಿಡಲಿಲ್ಲ. ಚಹಾಕ್ಕೆ ಹೋಗುವಾಗಲೂ ಕಾರಂಜಿ ಸುತ್ತಿ ಹೋದರು. "ನಾನ ಬೀಜ ಹಾಕಿದ್ನಿ, ನಾನ ನೀರ ಬಿಡಿಸಿದ್ನಿ. ಮಂದಿಗಿ ಹೇಳೋ ಮಾತಲ್ಲ ಇದು," ಎಂದು ಒಮ್ಮೆ ಮಾತ್ರ, ಜನಾಬಾಯಿಯ ಎದುರಿಗೆ ಅಂದರು. ಅವರ ಬಾಯಿಂದ ಮೆಲ್ಲಗೆ ಹೊರಟ ಮಾತು ಅದೊಂದೇ ಎಂದು ಆಕೆ ಹೇಳುತ್ತಾರೆ.

ಮಿರಗ ಈ ಸಲ ಹೇಳಿದ ದಿನಕ್ಕೇ ಬಂತು. ಮೂರು ದಿನ ಬಿಟ್ಟು ಬಿಟ್ಟು ಸುರಿಯಿತು. ನಾಲ್ಕನೆಯ ದಿನದ ಬೆಳಿಗ್ಗೆ ತೇಜಸ ಕೈಯಲ್ಲಿ ಹಾಳೆ, ಪೆನ್ನು ಹಿಡಿದು ಬಂದಿದ್ದಾರೆ. ವಾಕಿಂಗಿನವರು ನಗುವುದು ಬಿಟ್ಟು ಹಿಂದೆ ಹಿಂದೆ ನಡೆಯುತ್ತಿದ್ದಾರೆ, ದಾಮೋದರರಾಯರೇ ಗಟ್ಟಿಯಾಗಿ ಎಣಿಸುತ್ತಿದ್ದಾರೆ. ಒಂದೊಂದು ಸಸಿಯ ತುದಿಯಲ್ಲೂ ತಾಮ್ರ ಬಣ್ಣದ ಚಿಗುರು. ಗೇಟಿನಿಂದ ಹೊರಟ ಲೆಕ್ಕ ಇಪ್ಪತ್ತೆಂಟಕ್ಕೆ ಬಂದು ನಿಲ್ಲುತ್ತದೆ.

"ಇಪ್ಪತ್ತೆಂಟ ಜೀವಂತ. ಗೆದ್ರಿ ನೋಡ್ರಿ ಮಾಮಾ. ಪೇವರ್ ಫೈಲ್ ಇವತ್ತ ಮುಚ್ಚತೀನಿ," ಎನ್ನುತ್ತಾರೆ ತೇಜಸ. ಯಾರೋ ಚಪ್ಪಾಳೆ ತಟ್ಟುತ್ತಾರೆ. ರಾಯರು ಬೆತ್ತವನ್ನು ಕಂಕುಳಲ್ಲಿಟ್ಟು ತಾವೂ ತಟ್ಟುತ್ತಾರೆ. ಅಮೋಗಸಿದ್ಧ ತಲೆಗೆ ಸುತ್ತಿದ ಟವೆಲ್ಲು ಬಿಚ್ಚಿ ಮುಖ ಒರೆಸಿಕೊಳ್ಳುತ್ತಾರೆ.

ಇಂಜಿನಿಯರು ಕಟ್ಟೆಯ ಪಡುವಣಕ್ಕೆ ಬರುತ್ತಾರೆ. ಒದ್ದೆ ಮಣ್ಣಿನಲ್ಲಿ ನಾಲ್ಕು ಒಣ ಕಡ್ಡಿ. ಒಂದನ್ನು ಬೆರಳಿನಿಂದ ಮುಟ್ಟಿದರೆ ಲಟಕ್ಕೆಂದು ಮುರಿಯುತ್ತದೆ.

"ಅಷ್ಟೂ ಬದುಕಿಸೀರಿ, ಇವು ನಾಲ್ಕ ಹೆಂಗ ಹೋದವು ಮಾಮಾ? ಹುಳಾ ಬಿತ್ತೇನು? ರಿಪೋರ್ಟನ್ಯಾಗ ಕಾರಣ ಬರೀಬೇಕ್ರಿ."

ಹದಿನೈದು ಜನ ಅವರ ಮುಖವನ್ನೇ ನೋಡುತ್ತಿದ್ದಾರೆ. ಹುಳ ಎಂದರೆ ಮುಗಿಯಿತು, ಒಂದೇ ಶಬ್ದ. ಅಮೋಗಸಿದ್ಧ ಬಾಗಿ, ಮುರಿದ ಕಡ್ಡಿಯನ್ನು ಎತ್ತಿ ಅದರ ಬುಡದ ಮೇಲೆಯೇ ಇಡುತ್ತಾರೆ. ಟವೆಲ್ಲನ್ನು ಹೆಗಲಿಗೆ ಹಾಕಿಕೊಳ್ಳುತ್ತಾರೆ. ತೇಜಸರ ಪೆನ್ನು ಹಾಳೆಯ ಮೇಲೆ ಕಾದೇ ಇದೆ. ಮಾಳಿ ಆಗಲೇ ಬೆನ್ನು ತಿರುಗಿಸಿ, ಎರಡೂ ಬದಿಯ ಇಪ್ಪತ್ತೆಂಟರ ನಡುವೆ ನಡೆದುಹೋಗುತ್ತಿದ್ದಾರೆ.