ಅಲ್ಲಾಡಬೇಡ ಅಂದದ್ದಕ್ಕೆ ಬಿದ್ದ ಗೋಲು

ಫೋಟೋಗ್ರಾಫರನ ಬಾಯಿಗೆ ಬೀಗವಿರಲಿಲ್ಲ. ಹೊಟ್ಟೆಪಾಡೇ ಹಾಗೆ. ಸ್ಟುಡಿಯೋದ ಸ್ಟೂಲಿನ ಮೇಲೆ ಪಾಸ್‌ಪೋರ್ಟ್ ಫೋಟೋಗೆ ಕೂತವರಿಗೆಲ್ಲ ಅಲ್ಲಾಡಬೇಡಿ, ಅಲ್ಲಾಡಬೇಡಿ ಎನ್ನುತ್ತಲೇ ಅವನ ತಲೆ ನರೆತಿತ್ತು. ಲೈಟು ಸರಿಯಾಗಿದೆಯೋ ಎಂದು ನೋಡಲು ಮಗಳನ್ನೇ ಕೂರಿಸುತ್ತಿದ್ದ. ಅವಳು ಆ ಸ್ಟೂಲಿನ ಮೇಲೇ ಬೆಳೆದವಳು. ಆದರೆ ಹೈಸ್ಕೂಲಿನ ಮೆಟ್ಟಿಲು ಹತ್ತಿದ ಮೇಲೆ ಅಪ್ಪ ಏನೇ ಹೇಳಲಿ, ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುತ್ತಿದ್ದಳು. ವಯಸ್ಸೇ ಅಂಥದ್ದು ಎಂದು ಹೆಂಡತಿ ಸಮಾಧಾನ ಹೇಳಿದರೂ ಅವನಿಗೆ ಒಳಗೊಳಗೇ ಸಂಕಟ.

ಮಗಳು ಶಾಲೆಯ ಹ್ಯಾಂಡ್‌ಬಾಲ್ ತಂಡದ ಗೋಲ್‌ಕೀಪರ್. ಅಪ್ಪ ಕ್ಯಾಮೆರಾ ಹಿಡಿದು ಬಂದರೆ ಗೆಳತಿಯರ ಮುಂದೆ ಮಾನ ಹೋಗುತ್ತದೆಂದು ಅವಳ ಭಯ. ಅವನು ಮತ್ತೆ ಮತ್ತೆ ಗೋಗರೆದ ಮೇಲೆ ಕೊನೆಗೆ ಒಪ್ಪಿದಳು, ಒಂದೇ ಷರತ್ತು: ತುಟಿಪಿಟಕ್ಕೆನ್ನಬಾರದು. ಬಾಯಿ ಬಿಟ್ಟರೆ ಅದೇ ಕೊನೆ, ಮತ್ತೆ ಆಟದ ಕಡೆ ತಲೆ ಹಾಕುವಂತಿಲ್ಲ.

ಪಂದ್ಯದ ದಿನ ಒಳಾಂಗಣ ಕ್ರೀಡಾಂಗಣದಲ್ಲಿ ಅರ್ಧಕ್ಕರ್ಧ ಟ್ಯೂಬ್‌ಲೈಟುಗಳು ಕೆಟ್ಟಿದ್ದವು. ಕಣ್ಣು ಕುಕ್ಕುತ್ತದೆಂದು ಕೋಚ್ ಮೇಡಂ ಫ್ಲ್ಯಾಶ್ ಬೇಡವೆಂದಿದ್ದರು. ಶಟರ್ ವೇಗ ಏರಿಸಿದರೆ ಚಿತ್ರವೆಲ್ಲ ಕಪ್ಪು. ಇಳಿಸಿದರೆ ಓಡುವ ಹುಡುಗಿಯರೆಲ್ಲ ಒದ್ದೆ ಬಟ್ಟೆಯಲ್ಲಿ ಒರೆಸಿದ ಹಾಗೆ. ಸುಮಾರು ಚಿತ್ರ ಹಾಳು ಮಾಡಿಕೊಂಡ ಮೇಲೆ ಉಪಾಯ ಹೊಳೆಯಿತು. ಚೆಂಡೆಸೆಯಲು ನೆಗೆದವಳು ಕೆಳಗಿಳಿಯುವ ಮುಂಚೆ ಒಂದು ಕ್ಷಣ ಗಾಳಿಯಲ್ಲೇ ನಿಂತಂತಿರುತ್ತಾಳೆ, ಆಗ ಒತ್ತಬೇಕು. ಹಾಗೆ ಒತ್ತಿದಾಗ ಒಂದೆರಡು ಪರವಾಗಿಲ್ಲ ಎನ್ನುವಂತೆ ಬಂದವು. ಆಸಾಮಿ ಹಿಗ್ಗಿಹೋದ.

ಆಟ ಸಮಸಮವಾಗಿ ಮುಗಿಯುತ್ತಾ ಬಂದಿತ್ತು. ಎದುರು ತಂಡದ ಉದ್ದನೆಯ ಹುಡುಗಿ ಚೆಂಡು ಹಿಡಿದು ನುಗ್ಗಿದಳು. ಗೋಲಿನ ಪಕ್ಕದಲ್ಲೇ ಕೂತಿದ್ದ ಅಪ್ಪ ಕ್ಯಾಮೆರಾವನ್ನು ಮಗಳತ್ತ ತಿರುಗಿಸಿದ. ಅವಳು ತೋಳು ಚಾಚಿ ಅತ್ತಿತ್ತ ತುಯ್ಯುತ್ತಿದ್ದಳು. ಇದೊಂದು ಫೋಟೋ ಸಿಕ್ಕರೆ ಜನ್ಮ ಸಾರ್ಥಕ ಎಂದುಕೊಂಡ, ಆದರೆ ಮುಖ ಹಿಡಿತಕ್ಕೇ ಸಿಗುತ್ತಿಲ್ಲ. ಬಾಯಿ ತಾನಾಗಿ ತೆರೆದುಕೊಂಡಿತು.

"ಪುಟ್ಟೀ, ಅಲ್ಲಾಡ್ಬೇಡ."

ಮಗಳು ನಿಂತುಬಿಟ್ಟಳು. ಅವನು ಒತ್ತಿದ. ಚೆಂಡು ಬಲೆಗೆ ಬಿತ್ತು. ಒಂದೇ ಗೋಲಿನ ಅಂತರದಲ್ಲಿ ತಂಡ ಸೋತಿತು. ಕೋಚ್ ಮೇಡಂ ಅವನನ್ನು ನುಂಗುವಂತೆ ನೋಡಿದರು. ಗೆಳತಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವನಿಗೆ ಎಲ್ಲಿಯಾದರೂ ಅಡಗಿಕೊಂಡರೆ ಸಾಕಾಗಿತ್ತು.

ಮನೆಯ ದಾರಿಯಲ್ಲಿ ಅವನೇ, ಇನ್ನು ಮೇಲೆ ಬರುವುದಿಲ್ಲ ಎಂದ. ಮಗಳು ಕ್ಯಾಮೆರಾ ಕಿತ್ತುಕೊಂಡು ಒಂದೊಂದೇ ಚಿತ್ರ ಸರಿಸತೊಡಗಿದಳು. ಮಸುಕು, ಮಸುಕು, ಕಪ್ಪು, ಮಸುಕು. ಕೊನೆಯದೊಂದು ಮಾತ್ರ ಕೂದಲೆಳೆ ಎಣಿಸುವಷ್ಟು ಸ್ಪಷ್ಟ. ಅದರಲ್ಲಿ ಅವಳು ಆಟಕ್ಕೆ ಬೆನ್ನು ಹಾಕಿ, ಅಪ್ಪನ ಕಡೆ ತಿರುಗಿ, ಗದ್ದ ತುಸು ಇಳಿಸಿ, ಕೈ ಪಕ್ಕಕ್ಕಿಟ್ಟು ಪಾಸ್‌ಪೋರ್ಟ್ ಫೋಟೋಗೆ ಎಂಬಂತೆ ಸೆಟೆದು ನಿಂತಿದ್ದಳು. ಭುಜದ ಹಿಂದೆ ಚೆಂಡು ಒಳಗೆ ಹೋಗುತ್ತಿತ್ತು.

ನಕ್ಕೂ ನಕ್ಕೂ ಅವಳು ನಡುದಾರಿಯಲ್ಲೇ ಕೂತುಬಿಟ್ಟಳು. ಅವನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

"ನಾನು ನಿನ್ ಮಾತು ಕೇಳಲ್ಲ ಕೇಳಲ್ಲ ಅಂತ ಅಮ್ಮನ ಹತ್ರ ಗೊಣಗ್ತಿರ್ತೀಯಲ್ಲಪ್ಪಾ," ಎಂದಳು ಕಣ್ಣೊರೆಸಿಕೊಳ್ಳುತ್ತಾ. "ನೋಡು, ಕೇಳಿದ್ದಕ್ಕೆ ಮ್ಯಾಚೇ ಹೋಯ್ತು."

ಶಾಲೆ ಸೋತ ದಿನ ಅಪ್ಪನಾದವನು ಹೀಗೆ ಸಂತೋಷಪಡಬಾರದು. ಅವನು ನಾಚಿಕೆಯಿಲ್ಲದೆ ಸಂತೋಷಪಟ್ಟ. ಮಗಳು ಎದ್ದು ಕ್ಯಾಮೆರಾವನ್ನು ಅವನ ಕೊರಳಿಗೇ ಹಾಕಿದಳು.

"ಮುಂದಿನ ಮ್ಯಾಚಿಗೂ ಬಾ. ಆದ್ರೆ ಎದುರು ಟೀಮಿನ ಗೋಲ್ ಪಕ್ಕ ಕೂತ್ಕೋ."