ಫೈವೆಲ್ ಕೇಳಿದ ತಿಥಿ

ನನ್ನ ಬಾಯಿಗೆ ಬೀಗವಿಲ್ಲ. ಔಷಧಿ ಅಂಗಡಿ ನಡೆಸಿದ ಮೂವತ್ತೈದು ವರ್ಷವೂ ಇರಲಿಲ್ಲ, ಅಂಗಡಿ ಮುಚ್ಚಿದ ಮೇಲೂ ಬರಲಿಲ್ಲ. ಫೈವೆಲ್ ವೈನ್‌ರಿಬ್ ಅವರ ತಲೆಯ ಮೇಲೆ ಕಲ್ಲು ಹಾಕಿದ್ದು ಈ ಬಾಯಿಯೇ. ಹಾಗಾಗಿ ಅವರ ಕತೆಯನ್ನೂ ಇದೇ ಹೇಳಲಿ.

ಮೆಲ್ಬರ್ನಿನ ಕಾಲ್‌ಫೀಲ್ಡ್‌ನಲ್ಲಿ ನಮ್ಮ ಯಹೂದಿ ಸಮುದಾಯದ ಗ್ರಂಥಾಲಯವಿದೆ. ಅದರ ಮಹಡಿಯ ಮೇಲೆ ಪ್ರತಿ ಭಾನುವಾರ ಬೆಳಿಗ್ಗೆ ಒಂದು ಮೇಜು ಹಾಕಿಕೊಂಡು ಕೂರುತ್ತೇನೆ. ಅಜ್ಜನ ಊರು ಯಾವುದು, ಅಜ್ಜಿಯ ಅಕ್ಕ ಎಲ್ಲಿ ಹೋದಳು ಎಂದು ಕೇಳಿಕೊಂಡು ಜನ ಬರುತ್ತಾರೆ. ಹಡಗಿನ ಪಟ್ಟಿ, ಗೋರಿಕಲ್ಲಿನ ಬರಹ, ಪೋಲೆಂಡಿನ ಹಳೆಯ ಜನನ ಮರಣದ ಪುಸ್ತಕ, ಈಚೆಗೆ ಡಿಎನ್‌ಎ ಪರೀಕ್ಷೆ, ಇವನ್ನೆಲ್ಲ ತಡಕಾಡಿ ಸಿಕ್ಕಿದ್ದನ್ನು ಹೇಳುತ್ತೇನೆ. ಸಿಗದಿದ್ದರೆ ಬೈಸಿಕೊಳ್ಳುತ್ತೇನೆ. ನನ್ನ ಹೆಸರು ಬೈಲಾ. ಎಲ್ಲರೂ ಕರೆಯುವುದು ಬೆಲ್ಲಾ.

ಎರಡು ಸಾವಿರದ ಹದಿನಾಲ್ಕರ ಮಾರ್ಚಿನಲ್ಲಿ ಫೈವೆಲ್ ಮೆಟ್ಟಿಲು ಹತ್ತಿ ಬಂದರು. ಟೈ, ಟೋಪಿ, ಇಸ್ತ್ರಿ ಮಾಡಿದ ಕೋಟು. ಫ್ಲಿಂಡರ್ಸ್ ಲೇನಿನ ಹೊಲಿಗೆ ಕಾರ್ಖಾನೆಗಳಲ್ಲಿ ನಲವತ್ತು ವರ್ಷ ಹೆಂಗಸರ ಕೋಟಿನ ಬಟ್ಟೆ ಕತ್ತರಿಸಿದವರು ಮತ್ತೆ ಹೇಗಿರುತ್ತಾರೆ? ಕುರ್ಚಿ ಎಳೆದುಕೊಂಡು ಕೂತವರೇ, “ನನ್ ತಂಗಿ ಸತ್ತ ದಿನ ಬೇಕು” ಎಂದರು.

“ಮೊದ್ಲು ನಿಮ್ ಹೆಸರು ಹೇಳ್ತೀರಾ? ಒಂದು ನಮಸ್ಕಾರನಾದ್ರೂ ಬೇಡ್ವಾ?” ಎಂದೆ.

“ಎಂಬತ್ತೆಂಟು ನಂಗೆ. ನಮಸ್ಕಾರಕ್ಕೆಲ್ಲ ಟೈಮಿಲ್ಲಮ್ಮ.”

ತಂಗಿಯ ಹೆಸರು ರೈಜಲ್. ಪೋಲೆಂಡಿನ ರಾದೊಮ್ ಕಡೆಯ ಒಂದು ಪುಟ್ಟ ಊರು. ನಲವತ್ತೆರಡರಲ್ಲಿ ಜರ್ಮನ್ನರು ಅಪ್ಪ ಅಮ್ಮನನ್ನು ಕೊಲ್ಲಲು ಒಯ್ಯುವ ರೈಲಿಗೆ ತುಂಬಿದ ಮೇಲೆ ಅಣ್ಣ ತಂಗಿ ಒಂದು ಅಟ್ಟದಲ್ಲಿ ಅಡಗಿದ್ದರು. ಅವನಿಗೆ ಹದಿನಾರು, ಅವಳಿಗೆ ಹದಿಮೂರು. “ಬ್ರೆಡ್ ತರ್ತೀನಿ, ಅಲ್ಲಾಡ್ಬೇಡ” ಎಂದು ಹೇಳಿ ಇಳಿದವನು ಬೀದಿಯಲ್ಲಿ ಸಿಕ್ಕಿಬಿದ್ದ. ಎರಡು ದಿನದ ಮೇಲೆ ತಪ್ಪಿಸಿಕೊಂಡು ಬಂದರೆ ಅಟ್ಟ ಖಾಲಿ.

ನಮ್ಮಲ್ಲಿ ಸತ್ತವರ ತಿಥಿಯ ದಿನ ದೀಪ ಹಚ್ಚಿಟ್ಟು ಪ್ರಾರ್ಥನೆ ಹೇಳಬೇಕು. ಸತ್ತ ದಿನವೇ ಗೊತ್ತಿಲ್ಲದವರಿಗೆಲ್ಲ ನಮ್ಮ ಪಂಚಾಂಗದ ತೇವೇತ್ ತಿಂಗಳ ಹತ್ತನೆಯ ದಿನ ಎಂದು ಹಿರಿಯರು ಗೊತ್ತು ಮಾಡಿದ್ದಾರೆ. ಅದು ಫೈವೆಲ್‌ಗೆ ಒಪ್ಪಿಗೆಯಿಲ್ಲ. “ಊರೋರ್ ಜೊತೆ ಸಾಲಲ್ಲಿ ನಿಲ್ಸಿ ನನ್ ತಂಗಿಗೆ ದೀಪ ಹಚ್ಬೇಕಾ? ಅವಳ್ದೂ ಅಂತ ಒಂದು ದಿನ ಬೇಕು. ನಾನು ಹೋಗೋದ್ರೊಳಗೆ.”

ವಂಶವೃಕ್ಷದ ಹಾಳೆಯೊಂದನ್ನು ಮುಂದಿಟ್ಟೆ. ತಮ್ಮದೇ ಪೆನ್ನು ತೆಗೆದು ಅಜ್ಜನಿಂದ ಹಿಡಿದು ಹೆಂಡತಿ ಹಿಂದಾವರೆಗೆ ಚೊಕ್ಕವಾಗಿ ತುಂಬಿದರು. ಕೊನೆಯ ಗೆರೆಗೆ ಬಂದಾಗ ಪೆನ್ನಿಗೆ ಮುಚ್ಚಳ ಹಾಕಿ, ನನ್ನ ಮೇಜಿನ ಮೇಲಿದ್ದ ಪೆನ್ಸಿಲ್ ತೆಗೆದುಕೊಂಡರು. ಮಗಳು: ರೈಜಲ್, 1954–1963. ಕಣ್ಣಿಟ್ಟು ನೋಡಿದರಷ್ಟೇ ಕಾಣಬೇಕು, ಅಷ್ಟು ತೆಳ್ಳಗೆ.

“ತಂಗಿ ಹೆಸರೇ ಇಟ್ರಾ?”

“ಇನ್ಯಾರ್ದಿಡ್ಲಿ? ರಕ್ತದ ಕಾಯಿಲೆ ಬಂತು, ಒಂಬತ್ತು ವರ್ಷಕ್ಕೆ ಹೋದ್ಲು. ಮುಂದಿಂದು ಕೇಳು.”

ಮುಂದಿನದನ್ನು ಕೇಳಿದೆ.

ನಮ್ಮ ಪೋಲೆಂಡಿನ ಕಡೆಯವರಲ್ಲಿ ಬದುಕಿರುವವರ ಹೆಸರನ್ನು ಮಗುವಿಗೆ ಇಡುವುದಿಲ್ಲ. ಮೃತ್ಯುದೂತ ಪಟ್ಟಿ ಹಿಡಿದು ಬರುತ್ತಾನೆ, ಅದರಲ್ಲಿ ಹೆಸರು ಮಾತ್ರ ಇರುತ್ತದೆ, ಒಂದೇ ಹೆಸರಿನವರು ಇಬ್ಬರಿದ್ದರೆ ಮುದುಕರ ಬದಲು ಮಗುವನ್ನು ಎತ್ತಿಕೊಂಡು ಹೋದಾನು ಎಂದು ಅಜ್ಜಿಯರು ಹೇಳುತ್ತಿದ್ದರು. ನಾನು ಇದನ್ನೆಲ್ಲ ನಂಬುವವಳಲ್ಲ. ಆದರೂ ನನ್ನ ಮಗ ಹುಟ್ಟಿದಾಗ ಅಪ್ಪನ ಹೆಸರಿಡಲು ಧೈರ್ಯ ಬರಲಿಲ್ಲ. ಅಪ್ಪ ಆಗ ಗಟ್ಟಿಮುಟ್ಟಾಗಿದ್ದರು.

ಎರಡು ತಿಂಗಳು ಸತ್ತವರ ಪಟ್ಟಿಗಳನ್ನೆಲ್ಲ ಜಾಲಾಡಿದೆ. ಸತ್ತವರದ್ದು ಮಾತ್ರ, ಇದನ್ನು ನೆನಪಿಡಿ. ಬದುಕಿ ಉಳಿದವರ ಪಟ್ಟಿಯನ್ನು ತೆರೆಯಲು ಹೋದರೆ ಫೈವೆಲ್ ಸಿಡುಕುತ್ತಿದ್ದರು. “ಅದ್ಯಾಕೆ? ನಾನು ದಿನ ಕೇಳಿದ್ದು. ಆಸೆ ಕೇಳ್ಲಿಲ್ಲ.” ಪ್ರತಿ ಭಾನುವಾರ ಕಾರ್ಲೈಲ್ ಬೀದಿಯ ಬೇಕರಿಯಿಂದ ಗಸಗಸೆ ಕೇಕು ತರುವರು, ಗಸಗಸೆಯನ್ನು ಎಣಿಸಿ ಹಾಕಿದ್ದಾನೆ ಕಳ್ಳ ಎಂದು ಬೈಯುತ್ತಲೇ ತಿನ್ನುವರು. ಏನೂ ಸಿಗಲಿಲ್ಲ. ಕೊನೆಗೆ ಬೇಸತ್ತು, ಒಂದು ಕೊಳವೆಗೆ ಉಗುಳಿ ಕೊಡಿ, ಡಿಎನ್‌ಎ ನೋಡಿಸೋಣ, ದೂರದ ನೆಂಟರು ಯಾರಾದರೂ ಸಿಕ್ಕರೆ ಅವರಿಗೆ ಏನಾದರೂ ಗೊತ್ತಿರಬಹುದು ಎಂದೆ.

“ಯಾರ ಮೇಲೆ ಉಗೀಬೇಕಿತ್ತೋ ಅವರ ಮೇಲೆ ಉಗಿಯಕ್ಕಾಗ್ಲಿಲ್ಲ. ಕೊಡು, ಇದ್ರಲ್ಲಾದ್ರೂ ಉಗೀತೀನಿ” ಎಂದು ಕೊಳವೆ ಕಸಿದುಕೊಂಡರು.

ಆರು ವಾರಕ್ಕೆ ಫಲಿತಾಂಶ ಬಂತು. ಎಂಟು ಸಾವಿರ ನೆಂಟರು! ಇದರಲ್ಲಿ ಬೆರಗೇನಿಲ್ಲ. ಮುನ್ನೂರು ವರ್ಷ ನಾಲ್ಕು ಊರಿನೊಳಗೇ ಹೆಣ್ಣು ಕೊಟ್ಟು ತಂದ ಜನ ನಾವು. ಯಾವ ಇಬ್ಬರನ್ನು ಹಿಡಿದರೂ ಚೂರುಪಾರು ರಕ್ತ ಕೂಡುತ್ತದೆ. ನನ್ನ ಮಾಜಿ ಗಂಡನೂ ನನಗೆ ದೂರದ ಅಣ್ಣ ಎಂದು ಅದು ತೋರಿಸಿತ್ತು. ಆಗ ನಾಲ್ಕು ದಿನ ಊಟ ಸೇರಿರಲಿಲ್ಲ. ಆದರೆ ಫೈವೆಲ್ ಪಟ್ಟಿಯ ಮೊದಲ ಸಾಲು ಚೂರುಪಾರಲ್ಲ. ಫಿಲ್ ಹಾರ್ಮರ್, ಸಿಡ್ನಿ, ಹುಟ್ಟಿದ್ದು 1956. ಇಬ್ಬರ ನಡುವೆ ಕಾಲು ಭಾಗ ರಕ್ತ ಒಂದೇ. ಇಷ್ಟು ಕೂಡುವುದು ಮೊಮ್ಮಗನಿಗೆ, ಮಲತಮ್ಮನಿಗೆ, ಇಲ್ಲವೇ ಒಡಹುಟ್ಟಿದವರ ಮಗನಿಗೆ ಮಾತ್ರ. ಮೊಮ್ಮಗನಾಗಲು ವಯಸ್ಸು ಹೊಂದುವುದಿಲ್ಲ. ಮಲತಮ್ಮನಾಗಲು ಅಪ್ಪ ಅಮ್ಮ ಇಬ್ಬರೂ ನಲವತ್ತೆರಡರಲ್ಲೇ ಹೋದವರು. ಉಳಿದದ್ದು ಒಡಹುಟ್ಟಿದವರ ಮಗ.

“ಏನೋ ತಪ್ಪಾಗಿದೆ. ನನ್ ಉಗುಳು ಇನ್ಯಾರ್ದೋ ಜೊತೆ ಬೆರ್ಸವ್ರೆ” ಎಂದು ಫೈವೆಲ್ ಕೇಕಿಗೆ ಕೈ ಹಾಕಿದರು.

ನಾನು ಆ ಫಿಲ್‌ಗೆ ಫೋನ್ ಹಚ್ಚಿ, ಇವರಿಗೂ ಕೇಳಿಸಲಿ ಎಂದು ಸ್ಪೀಕರಿಗೆ ಹಾಕಿದೆ. ನಾನು ಯಾರು, ಏಕೆ ಫೋನ್ ಮಾಡಿದೆ ಎಂದು ಎರಡು ಮಾತಲ್ಲಿ ಹೇಳಿ, ನಮ್ಮವರಲ್ಲಿ ಯಾರೇ ಆದರೂ ಮೊದಲು ಕೇಳುವುದನ್ನು ಕೇಳಿದೆ. “ನಿಮಗೆ ಯಾರ ಹೆಸರಿಟ್ಟಿದ್ದು?”

“ನಮ್ಮಮ್ಮನ ಅಣ್ಣಂದು. ಯುದ್ಧದಲ್ಲಿ ಹೋಗ್ಬಿಟ್ರು. ಬ್ರೆಡ್ ತರ್ತೀನಿ ಅಂತ ಇಳಿದೋರು ವಾಪಸ್ ಬರ್ಲೇ ಇಲ್ವಂತೆ. ಫಿಲ್ ಅನ್ನೋದು ಹೊರಗಡೆಗೆ. ಸಿನಗಾಗಲ್ಲಿ ಪ್ರಾರ್ಥನೆಗೆ ಕರೆಯೋದು ಫೈವೆಲ್ ಅಂತ.”

ಎದುರಿಗೆ ಕೂತಿದ್ದವರ ದವಡೆ ಅರ್ಧ ಅಗಿದು ನಿಂತುಹೋಗಿತ್ತು.

“ನಿಮ್ಮಮ್ಮನ ಹೆಸರು?”

“ರೋಸ್. ಮನೇಲಿ ರೈಜಲ್. ಎರಡು ಸಾವಿರದ ಒಂಬತ್ತರಲ್ಲಿ ತೀರ್ಕೊಂಡ್ರು. ಯಾಕೆ?”

ಇಂಥ ಸುದ್ದಿಯನ್ನು ಮೆಲ್ಲಗೆ ಹೇಳಬೇಕು, ನೀರು ಕುಡಿಸಿ ಕೂರಿಸಿ ಹೇಳಬೇಕು ಎಂದು ಹೊಸಬರಿಗೆ ಪಾಠ ಮಾಡುವವಳು ನಾನು. ಎದ್ದ ರಭಸಕ್ಕೆ ಚಹಾದ ಲೋಟ ಉರುಳಿತು. “ಅಯ್ಯೋ ಫಿಲ್, ನಿಮ್ ಸೋದರಮಾವ ಬದುಕಿದಾರ್ರೀ! ಇಲ್ಲೇ ನನ್ ಮುಂದೆ ಕೂತು ಕೇಕ್ ತಿಂತಾ ಇದಾರೆ!” ಎಂದು ಗ್ರಂಥಾಲಯವೇ ಬೆಚ್ಚುವಂತೆ ಕೂಗಿದೆ. ಆ ಕಡೆಯಿಂದ ಒಬ್ಬ ದೊಡ್ಡ ಗಂಡಸು ಬಿಕ್ಕುವುದು ಕೇಳಿಸಿತು.

ಫೈವೆಲ್ ಅಳಲಿಲ್ಲ. ಕೈ ಒರೆಸಿಕೊಂಡು ಒಂದೇ ಒಂದು ಮಾತು ಕೇಳಿದರು. “ಅರವತ್ತಮೂರರಲ್ಲಿ ಅವಳು ಬದುಕಿದ್ಲಾ?”

“ಬದುಕಿದ್ರು! ಅರವತ್ತಮೂರೇನು, ಆಮೇಲೂ ನಲವತ್ತಾರು ವರ್ಷ ಬದುಕಿದ್ರು!” ಎಂದೆ, ನಗುನಗುತ್ತಾ.

ಟೋಪಿ ತೆಗೆದುಕೊಂಡು ಎದ್ದರು. ಕಂಬಿ ಹಿಡಿದು ಒಂದೊಂದೇ ಮೆಟ್ಟಿಲಿಳಿದು ಹೋದರು. ಒಬ್ಬರೇ ಅಳಲು ಹೋದರು ಎಂದುಕೊಂಡೆ. ನನಗೋ ಹಿಗ್ಗು, ಇಂಥದ್ದನ್ನು ಕಂಡುಹಿಡಿದೆನಲ್ಲ ಎಂದು. ಚಹಾ ಬಿದ್ದ ಹಾಳೆಗಳನ್ನು ಒರೆಸುತ್ತಿದ್ದಾಗ ಪೆನ್ಸಿಲಿನ ಆ ಸಾಲು ಕಣ್ಣಿಗೆ ಬಿತ್ತು. ರೈಜಲ್, 1954–1963. ಬದುಕಿದ್ದವಳ ಹೆಸರನ್ನು ಮಗುವಿಗಿಟ್ಟಿದ್ದರು ಅವರು. ಆ ಮಗು ಸತ್ತಿತ್ತು. ಇಬ್ಬರು ರೈಜಲ್‌ಗಳಿದ್ದರು ಎಂದು ಆ ತಂದೆಗೆ ನಗುತ್ತಾ ಹೇಳಿದವಳು ನಾನು! ನನ್ನ ನಾಲಿಗೆ ಸೀದುಹೋಗಬಾರದಿತ್ತೇ?

ಮೂರು ಭಾನುವಾರ ಅವರು ಬರಲಿಲ್ಲ, ಫೋನ್ ಎತ್ತಲಿಲ್ಲ. ನಾಲ್ಕನೆಯ ವಾರ ರಿಪ್ಪನ್‌ಲಿಯಲ್ಲಿದ್ದ ಅವರ ಮನೆಗೇ ಹೋದೆ. ಗಡ್ಡ ಬಿಟ್ಟಿದ್ದರು, ಟೈ ಇರಲಿಲ್ಲ. ಎರಡು ಜಡೆಯ ಹುಡುಗಿಯ ಪಟವೊಂದು ಗೋಡೆಯಿಂದಿಳಿದು ಮೇಜಿಗೆ ಬಂದಿತ್ತು.

“ನಲವತ್ತೇಳರಲ್ಲಿ ಕಳೆದೋದೋರ್ನ ಹುಡುಕೋ ಆಫೀಸಿಗೆ ಅರ್ಜಿ ಕೊಟ್ಟಿದ್ದೆ” ಎಂದರು, ನನ್ನನ್ನು ನೋಡದೆ. “ಐವತ್ನಾಕರಲ್ಲಿ ಮಗು ಹುಟ್ತು. ಉತ್ರ ಬರೋವರ್ಗೂ ಬೇರೆ ಹೆಸರಿಡೋಣ ಅಂದ್ಲು ಹಿಂದಾ. ನಾನ್ ಕೇಳ್ಲಿಲ್ಲ. ನಂಗೆ ರೈಜಲ್ ಅಂತ ಕರೀಬೇಕಿತ್ತು, ಮನೆ ತುಂಬಾ ಕೂಗಿ ಕೂಗಿ ಕರೀಬೇಕಿತ್ತು. ಹುಡುಕ್ತಾ ಇದ್ರೆ ಹೆಸರಿಡಂಗಿಲ್ವಲ್ಲ? ಅದಕ್ಕೆ ಕಾಗದ ಬರ್ದೆ, ಅವಳು ಸತ್ತಿದಾಳೆ, ಅರ್ಜಿ ಮುಚ್ಚಿಬಿಡಿ ಅಂತ. ಒಂಬತ್ತು ವರ್ಷಕ್ಕೆ ಅವನು ಪಟ್ಟಿ ಹಿಡ್ಕೊಂಡು ಬಂದ. ಯಾವ ರೈಜಲ್ ಅಂತ ಅವನಿಗೇನ್ ಗೊತ್ತು? ನನ್ ಮನೆ ಬಾಗ್ಲು ತಟ್ದ.”

“ಏನ್ ಮಾತಾಡ್ತೀರಿ! ಆ ಕಾಯಿಲೆಗೆ ಆಗ ಮದ್ದೇ ಇರ್ಲಿಲ್ಲ. ಮೂವತ್ತೈದು ವರ್ಷ ಔಷಧಿ ಕೊಟ್ಟೋಳು ಹೇಳ್ತಿದೀನಿ.”

“ಮಾತ್ರೆ ಎಣಿಸ್ದೋಳು ನೀನು. ಸುಮ್ನಿರು.”

ಮಗನಿಗೆ ಅಪ್ಪನ ಹೆಸರಿಡಲು ಹೆದರಿದವಳು ಯಾವ ಬಾಯಲ್ಲಿ ವಾದಿಸಲಿ? ಫಿಲ್ ನೋಡಲು ಬರುತ್ತಾನಂತೆ ಎಂದಾಗ, “ಬೇಡ ಅನ್ನು. ತಂಗೀನ ಕಾಗದದಲ್ಲಿ, ಮಗಳನ್ನ ಹೆಸರಲ್ಲಿ ಕೊಂದೋನ್ನ ನೋಡಿ ಅವ್ನೇನ್ ಮಾಡ್ತಾನೆ?” ಎಂದು ಬಾಗಿಲು ಹಾಕಿಕೊಂಡರು.

ರೈಲಿನಲ್ಲಿ ಕೂತು ಮನೆಗೆ ಬರುವಾಗ ನನ್ನ ದಡ್ಡ ತಲೆಗೆ ಹೊಳೆಯಿತು. ಅಯ್ಯೋ, ಅಣ್ಣನೊಬ್ಬನೇ ಅಲ್ಲವಲ್ಲ, ತಂಗಿಯೂ ಮಾಡಿದ್ದು ಅದನ್ನೇ ಅಲ್ಲವೇ! ಅಲ್ಲಿಂದಲೇ ಫಿಲ್‌ಗೆ ಫೋನ್ ಮಾಡಿ, ನಿಮ್ಮ ಮಾವ ಬೇಡ ಅಂದರೂ ಸರಿ, ನಾಳೆಯೇ ಹೊರಡಿ ಎಂದೆ.

ಮರುದಿನ ಮಧ್ಯಾಹ್ನ ಇಬ್ಬರೂ ಹೋಗಿ ಬಾಗಿಲು ತಟ್ಟಿದೆವು. ಫಿಲ್ ಬಾಗಿಲು ತುಂಬುವಂಥ ಆಳು, ಬೋಳುತಲೆ, ಕೆಂಪು ಮುಖ. ಫೈವೆಲ್ ಬಾಗಿಲನ್ನು ಒಂದು ಗೇಣು ತೆರೆದು ನಿಂತರು. ಒಳಗೆ ಬಾ ಎನ್ನಲಿಲ್ಲ.

“ಮಾವಾ” ಎಂದ ಫಿಲ್.

ಫೈವೆಲ್ ನನ್ನತ್ತ ಕೆಕ್ಕರಿಸಿದರು. “ಬೇಡ ಅಂದಿದ್ನಲ್ಲ?”

“ಬೈಯೋದನ್ನ ಆಮೇಲೆ ಬೈರಿ. ಮೊದ್ಲು ಇವನ ಹೆಸರು ಕೇಳಿ. ಸಿನಗಾಗಲ್ಲಿ ಕರೆಯೋ ಹೆಸರು” ಎಂದೆ.

“ಫೈವೆಲ್” ಎಂದ ಅವನೇ. “ನಿಮ್ದೇ.”

ಮುದುಕರ ಕೈ ಬಾಗಿಲ ಮೇಲೇ ಇತ್ತು. “ಹುಟ್ಟಿದ್ದು?” ಎಂದರು.

“ಐವತ್ತಾರು.”

“ನಾನು ಬದುಕಿದ್ದೆ.”

“ಹೌದು ಮಾವ. ಅಮ್ಮನಿಗೆ ಗೊತ್ತಿರ್ಲಿಲ್ಲ. ವರ್ಷಾ ವರ್ಷಾ ನಿಮಗೆ ದೀಪ ಹಚ್ಚೋರು.”

“ಚಿಕ್ಕವನಾಗಿದ್ದಾಗ ಏನಾಗಿತ್ತು ನಿಂಗೆ?”

ಫಿಲ್ ಗಲಿಬಿಲಿಯಾದ. “ಏನೂ ಇಲ್ವಲ್ಲ… ದಡಾರ ಬಂದಿತ್ತು.”

“ಒಂಬತ್ತನೇ ವರ್ಷದಲ್ಲಿ?”

“ಮರದಿಂದ ಬಿದ್ದು ಕೈ ಮುರ್ಕೊಂಡಿದ್ದೆ. ಅಷ್ಟೇ.”

“ಈಗ?”

“ಸ್ವಲ್ಪ ಸಕ್ಕರೆ ಇದೆ. ಮಂಡಿ ನೋವು.”

“ಅಷ್ಟೇನಾ? ಸರಿಯಾಗ್ ಹೇಳು!” ಎಂದು ಗದರಿದರು. ಬಾಗಿಲು ಪೂರ್ತಿ ತೆರೆದಿತ್ತು. ಮುಂದೆ ಬಂದು ಆ ದೊಡ್ಡ ಆಳಿನ ತೋಳು ಹಿಡಿದು, ಅಂಗಡಿಯಲ್ಲಿ ಬಟ್ಟೆಯ ಗಟ್ಟಿ ನೋಡುವವರ ಹಾಗೆ ಹೆಬ್ಬೆರಳಲ್ಲಿ ಒತ್ತಿ ಒತ್ತಿ ನೋಡಿದರು. “ಐವತ್ತೆಂಟು ವರ್ಷ! ನಾನೂ ಇದೀನಿ, ನೀನೂ ಇದೀಯ. ಇಬ್ರು ಫೈವೆಲ್. ಯಾರೂ ಬಂದು ಕೇಳಿಲ್ಲ?”

“ಯಾರೂ ಬಂದಿಲ್ಲ ಮಾವ.”

“ಹಂಗಾದ್ರೆ ಹೆಸರು ನೋಡ್ಕೊಂಡು ಬರಲ್ಲ ಅವನು” ಎಂದರು. ನಮಗಲ್ಲ, ಮೇಜಿನ ಮೇಲಿದ್ದ ಪಟದ ಕಡೆ ತಿರುಗಿ.

ಒಳಗೆ ಕೂತ ಮೇಲೆ ಹಾಳೆ ಕೇಳಿದರು. ಚಹಾದ ಕಲೆಯಾಗಿದ್ದ ಅದನ್ನು ಚೀಲದಿಂದ ತೆಗೆದುಕೊಟ್ಟೆ. ಅಮ್ಮ ತೀರಿಹೋದದ್ದು ಸಿವಾನ್ ತಿಂಗಳ ಹದಿನೇಳರಂದು ಎಂದ ಫಿಲ್. ತಂಗಿಯ ಹೆಸರಿನ ಮುಂದೆ ಅದನ್ನು ಬರೆದುಕೊಂಡರು. ಕೇಳಿದ್ದ ದಿನ ಕೊನೆಗೂ ಸಿಕ್ಕಿತು. ಆದರೆ ಪೆನ್ನಿಗೆ ಮುಚ್ಚಳ ಹಾಕಲಿಲ್ಲ. ಕೆಳಗಿನ ಪೆನ್ಸಿಲಿನ ಸಾಲಿನ ಮೇಲೆ ಒಂದೊಂದೇ ಅಕ್ಷರವನ್ನು ಒತ್ತಿ ತಿದ್ದತೊಡಗಿದರು. ಒತ್ತಿದ ಭರಕ್ಕೆ ಹಾಳೆ ಒಂದು ಕಡೆ ತೂತಾಯಿತು.

“ಪಾಪ, ಮಗೀಗೆ ಕಾಯಿಲೆ ಬಂದಿತ್ತು” ಎಂದರು. “ಕಾಯಿಲೆ ಬಂದು ಹೋಯ್ತು, ಅಷ್ಟೇ.” ಆಮೇಲೆ ಮೇಜಿಗೆ ತಲೆಯಿಟ್ಟು ಅತ್ತರು. ಫಿಲ್ ಅವರ ಬೆನ್ನ ಮೇಲೆ ಕೈಯಿಟ್ಟುಕೊಂಡು ಕೂತ. ನಾನು ಬಾಯಿ ಮುಚ್ಚಿಕೊಂಡಿದ್ದೆ.