ಲೈನ್ ಮನೆಯ ವೈಫೈಗೆ ಸೇರಿದ ಫೋನು

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ನಾನು ದೆವ್ವದ ಕಥೆ ಕಟ್ಟುವವನಲ್ಲ, ಕೊಪ್ಪದಲ್ಲಿ ವೈಫೈ ಹಾಕಿಕೊಡುವವನು. ತಂತಿ, ಕರೆಂಟು, ಸಿಗ್ನಲ್ಲು... ಇಷ್ಟರಲ್ಲೇ ನನ್ನ ಬದುಕು. ಇದು ನನ್ನ ಕಣ್ಣೆದುರೇ ನಡೆದದ್ದು.

ಭಂಡಿಗಡಿಯಿಂದ ಒಳಗೆ ಒಂದು ಕಾಫಿ ತೋಟ. ಮೊಬೈಲ್ ನೆಟ್‌ವರ್ಕ್ ಅಲ್ಲಿಗೆ ಹಾಯುವುದಿಲ್ಲ. ಈಗಿನ ಕೆಲಸದವರು ಕೂಲಿ ಎಷ್ಟು ಅನ್ನುವುದಕ್ಕಿಂತ ಮೊದಲು ಕೇಳುವುದು ವೈಫೈ ಉಂಟಾ ಅಂತ. ಹಾಗಾಗಿ ಸಾಹುಕಾರರು ಕೆಲಸದವರ ಲೈನ್ ಮನೆಗಳ ಮುಂದಿನ ಕಂಬಕ್ಕೆ ನನ್ನಿಂದ ವೈಫೈ ಡಬ್ಬಿ ಹಾಕಿಸಿದ್ದರು. ಯಾವ ಫೋನು ಯಾರದೆಂದು ನನ್ನ ಮೊಬೈಲಿನಲ್ಲಿ ತಿಳಿಯಲಿ ಅಂತ ಒಂದೊಂದಕ್ಕೂ ಹೆಸರು ಕೊಟ್ಟು ಸೇರಿಸಿದವನೂ ನಾನೇ. ಕೊನೆಯ ಮನೆಗೆ ಮಾತ್ರ ಸಿಗ್ನಲ್ ಸರಿಯಾಗಿ ಮುಟ್ಟುತ್ತಿರಲಿಲ್ಲ. ಶಿವರಾತ್ರಿ ಕಳೆದ ಮೇಲೆ ಅದಕ್ಕೆಂದೇ ಒಂದು ರೇಡಿಯೋ ಮಾಡ್ಯೂಲ್ ತಂದೆ. ಬೆಂಕಿಪೊಟ್ಟಣದಷ್ಟು ಇರುತ್ತದೆ. ಡಬ್ಬಿಯ ಪಕ್ಕದ ಕಿಂಡಿಗೆ ಸಿಕ್ಕಿಸಿದರೆ ಸಿಗ್ನಲ್ ಇನ್ನೂ ದೂರ ಹೋಗುತ್ತದೆ.

ಆ ಕೊನೆಯ ಮನೆ ಗಿರಿಜಕ್ಕನದು. ಅವಳ ಗಂಡ ಶೇಷಪ್ಪ ದೀಪಾವಳಿ ಆದ ಮೇಲೆ ಒಂದು ಸಂಜೆ ಸೌದೆಗೆಂದು ಮನೆ ಹಿಂದಿನ ಸೊಪ್ಪಿನಬೆಟ್ಟದ ಕಾಡಿಗೆ ಹೋದವನು ತಿರುಗಿ ಬಂದಿರಲಿಲ್ಲ. ಪೊಲೀಸರು, ಊರವರು ಎಲ್ಲ ಹುಡುಕಿದ್ದಾಯಿತು. ಒಂದು ಚಪ್ಪಲಿಯೂ ಸಿಗಲಿಲ್ಲ. ಜೇಬಿನಲ್ಲೇ ಒಯ್ದಿದ್ದ ಅವನ ಫೋನಿಗೆ ಕರೆನ್ಸಿ ಇರುತ್ತಿರಲಿಲ್ಲ, ಮಾತೇನಿದ್ದರೂ ಈ ವೈಫೈಯಲ್ಲೇ. ಅದಕ್ಕೇ ನಾನು ಹೋದಾಗಲೆಲ್ಲ ಗಿರಿಜಕ್ಕನದು ಒಂದೇ ಪ್ರಶ್ನೆ.

"ಅವ್ರ ಫೋನು ಬಂತಾ ಅಣ್ಣ ಅದ್ರಲ್ಲಿ?"

ಪಾಪ, ಏನು ಹೇಳುವುದು? ನೋಡ್ತೀನಕ್ಕ ಅಂದು ಜಾರಿಕೊಳ್ಳುತ್ತಿದ್ದೆ.

ಆವತ್ತು ಮಾಡ್ಯೂಲ್ ಸಿಕ್ಕಿಸಿ ಏಣಿ ಇಳಿಯುವಾಗ ಕತ್ತಲಾಗಿತ್ತು. ಜೀರುಂಡೆಗಳು ಕಿವಿ ಗಡಚಿಕ್ಕುವ ಹಾಗೆ ಕೂಗುತ್ತಿದ್ದವು. ಡಬ್ಬಿಯ ಹಸಿರು ದೀಪ ಹತ್ತಿತು. ಯಾವ್ಯಾವ ಫೋನು ಸೇರಿತೆಂದು ನನ್ನ ಮೊಬೈಲಿನಲ್ಲಿ ನೋಡಿದೆ. ಗಿರಿಜಕ್ಕನದು ಬಂತು. ಅದರ ಕೆಳಗೆ... ಶೇಷಪ್ಪ.

ಹೊಸ ಮಾಡ್ಯೂಲ್ ಕೈಕೊಟ್ಟಿತು ಅಂದುಕೊಂಡೆ. ಇಷ್ಟು ತಿಂಗಳು ಚಾರ್ಜ್ ಇಲ್ಲದೆ ಯಾವ ಫೋನು ಬದುಕಿರುತ್ತದೆ? ಆದರೆ ಹೆಸರಿನ ಎದುರು ಒಂದಿದ್ದ ಸಿಗ್ನಲ್ ಗೀಟು ಎರಡಾಯಿತು. ಮೂರಾಯಿತು... ಫೋನು ಹಿಡಿದವರು ನಡೆದು ಹತ್ತಿರ ಬಂದರೆ ಏರುವುದು ಹಾಗೇ.

ಏಣಿಯ ಹತ್ತಿರ ನಿಂತಿದ್ದ ಗಿರಿಜಕ್ಕ ನನ್ನ ಮುಖ ನೋಡಿಯೇ ತಿಳಿದುಕೊಂಡಳು. ತನ್ನ ಫೋನಿನಿಂದ ನೆಟ್ ಕಾಲ್ ಮಾಡಿದಳು. ಇಷ್ಟು ದಿನ ಬರೀ 'ಕಾಲಿಂಗ್' ಎಂದು ತೋರಿಸುತ್ತಿದ್ದದ್ದು ಆವತ್ತು 'ರಿಂಗಿಂಗ್' ಎಂದಿತು. ಆ ಕಡೆ ಯಾರೋ ಎತ್ತಿದರು.

"ಎಲ್ಲಿದ್ದೀರಿ?" ಅಂದಳು, ಮೆಲ್ಲಗೆ.

ಒಂದು ಗಳಿಗೆ ಬಿಟ್ಟು ಅವಳದೇ ದನಿ ಫೋನಿನೊಳಗಿಂದ ಬಂತು... ಎಲ್ಲಿದ್ದೀರಿ? ಅದರ ಹಿಂದೆ ಅದೇ ಜೀರುಂಡೆಗಳ ಸದ್ದು. ನನಗೆ ಕೆಮ್ಮು ಬಂತು. ನನ್ನ ಕೆಮ್ಮೂ ಅದರಲ್ಲಿ ಕೇಳಿಸಿತು. ಅಂದರೆ ಆ ಫೋನು ನಾವು ನಿಂತ ಅಂಗಳದಲ್ಲೇ ಇತ್ತು.

ಗೀಟು ಪೂರ್ತಿ. ಟಾರ್ಚ್ ಹಾಕಿ ಸುತ್ತ ನೋಡಿದೆ, ಯಾರೂ ಇಲ್ಲ. ಹಸಿ ಸೌದೆಯ ವಾಸನೆ ಮಾತ್ರ, ಆಗಷ್ಟೇ ಕಡಿದು ತಂದು ಇಳಿಸಿದ ಹಾಗೆ.

ಆಮೇಲೆ ಗೀಟು ಇಳಿಯತೊಡಗಿತು.

"ಕಮ್ಮಿ ಆಗ್ತಾ ಉಂಟಾ?" ಅಂದಳು. ತಲೆ ಆಡಿಸಿದೆ, ಅಷ್ಟೇ. ಅವಳು ಬರಿಗಾಲಲ್ಲಿ ಸೊಪ್ಪಿನಬೆಟ್ಟದ ಕಡೆ ನಡೆದೇಬಿಟ್ಟಳು. ಬೇಡಕ್ಕ, ಬೇಡ ಅಂತ ಕೂಗಿದೆ. ತಿರುಗಿ ನೋಡಲಿಲ್ಲ. ನನ್ನ ಮೊಬೈಲಿನಲ್ಲಿ ಎರಡೂ ಹೆಸರುಗಳ ಗೀಟು ಜೊತೆಜೊತೆಗೇ ಇಳಿಯುತ್ತಿತ್ತು... ಮೂರು, ಎರಡು, ಒಂದು. ಎರಡೂ ಒಟ್ಟಿಗೇ ಅಳಿಸಿಹೋದವು.

ಅಕ್ಕಪಕ್ಕದ ಮನೆಯವರನ್ನು ಕರೆದುಕೊಂಡು ಓಡಿದೆ. ಬೆಟ್ಟದ ಬುಡದ ಹಳ್ಳದ ಗುಂಡಿಯಲ್ಲಿ ಸಿಕ್ಕಳು, ಎದೆಮಟ್ಟ ನೀರಿನಲ್ಲಿ ನಿಂತಿದ್ದಳು. ಇನ್ನೊಂದು ಹೆಜ್ಜೆ ಇಟ್ಟಿದ್ದರೆ ಅಲ್ಲಿ ಆಳ. ಅವ್ರು ಮುಂದೆ ಮುಂದೆ ಹೋಗ್ತಿದ್ರು ಅಂತಲೇ ವಾಪಸ್ ಕರೆತರುವಾಗ ದಾರಿಯುದ್ದಕ್ಕೂ ಹೇಳಿದಳು.

ಬೆಳಿಗ್ಗೆ ಸಾಹುಕಾರರು, "ಅದನ್ನ ಕಿತ್ತು ಹಾಕು ಮಾರಾಯ, ಇನ್ನೊಂದು ಜೀವ ಹೋಗೋದು ಬೇಡ" ಅಂದರು. ಏಣಿ ಇಟ್ಟೆ. ಗಿರಿಜಕ್ಕ ಬಂದು ಕೆಳಗೆ ನಿಂತಳು.

"ತೆಗೀಬೇಡಿ ಅಣ್ಣ. ಅವ್ರಿಗೆ ಮನೆ ಗುರ್ತು ಸಿಗೋದು ಅದ್ರಿಂದ್ಲೇ."

ಅತ್ತ ದರಿ, ಇತ್ತ ಪುಲಿ. ಮಾಡ್ಯೂಲ್ ತೆಗೆಯಲು ಕೈ ಬರಲಿಲ್ಲ. ಸಾಹುಕಾರರಿಗೆ ಹೇಗೋ ಸಮಾಧಾನ ಹೇಳಿ, ಶೇಷಪ್ಪನ ಫೋನನ್ನು ಮಾತ್ರ ಬ್ಲಾಕ್ ಮಾಡಿದೆ. ಹಾಗೆ ಮಾಡಿದರೆ ಅದು ವೈಫೈಗೆ ಸೇರುವುದಿಲ್ಲ, ಅವಳ ಕಾಲ್ ಅದಕ್ಕೆ ಹೋಗುವುದೂ ಇಲ್ಲ. ಸೇರಲು ಬಂದದ್ದು ಮಾತ್ರ ಇಲ್ಲಿ ಕೊಪ್ಪದಲ್ಲಿ ಕೂತರೂ ನನಗೆ ಕಾಣುತ್ತದೆ. ಅವಳ ಜೀವ ಉಳಿಸಲು ನನಗೆ ತೋಚಿದ್ದು ಇಷ್ಟೇ.

ಈಗಲೂ ಕತ್ತಲಾದ ಮೇಲೆ ಗಿರಿಜಕ್ಕ ಫೋನ್ ಮಾಡಿ, ಇವತ್ತು ಬಂದ್ರಾ ಅಣ್ಣ ಅಂತ ಕೇಳುತ್ತಾಳೆ. ಇಲ್ಲಕ್ಕ ಅನ್ನುತ್ತೇನೆ. ಎಷ್ಟೋ ದಿನ ಹಾಗನ್ನುವಾಗ ಶೇಷಪ್ಪನ ಹೆಸರು ನನ್ನೆದುರೇ ಇರುತ್ತದೆ. ಒಳಗೆ ಬಿಡಿ ಅಂತ ಕೇಳುತ್ತದೆ, ಡಬ್ಬಿ ಬಿಡೋದಿಲ್ಲ ಅನ್ನುತ್ತದೆ. ಮತ್ತೆ ಕೇಳುತ್ತದೆ... ಗೀಟು ಪೂರ್ತಿ ಇರುತ್ತದೆ.